‘ರಾತ್ರಿಗೆ ಏನ್ ಮಾಡ್ಲಿ?’ ಅನ್ನೋದೂ ಒಂದು ಕೆಲಸ

ಸಂಜೆ ಆರರ ಹೊತ್ತಿಗೆ ನಮ್ಮ ತೆಲಸಂಗದ ಯಾವ ಓಣಿಯಲ್ಲಿ ನಿಂತರೂ ಈ ಪ್ರಶ್ನೆ ಕೇಳಿಸುತ್ತೆ: "ರಾತ್ರಿಗೆ ಏನ್ ಮಾಡ್ಲಿ?" ಉತ್ತರವೂ ಎಲ್ಲಾ ಮನೆಯಲ್ಲೂ ಒಂದೇ. "ಏನರ ಮಾಡು." ಕೇಳೋಕೆ ಬಹಳ ಉದಾರವಾದ ಮಾತು. ಆದರೆ ಅದರ ಅರ್ಥ, ಯೋಚನೆ ಮಾಡುವ ಕೆಲಸ ನಿಂದೇ ಅಂತ. ಡಬ್ಬಿಯಲ್ಲಿ ಬ್ಯಾಳಿ ಎಷ್ಟಿದೆ, ಮೆಂತ್ಯ ಬಾಡಿದೆಯಾ, ಹಿಟ್ಟು ಮುಗಿದಿದೆಯಾ, ಸಣ್ಣ ಮಗು ಇಷ್ಟು ಖಾರ ತಿನ್ನುತ್ತಾ, ಸಿಲಿಂಡರ್ ಇನ್ನೆಷ್ಟು ದಿನ ಬಂದೀತು. ಇಷ್ಟನ್ನೂ ತಲೆಯಲ್ಲಿ ಇಟ್ಟುಕೊಂಡವರು ಮಾತ್ರ "ಏನರ" ಮಾಡಬಲ್ಲರು.

ಅಮೆರಿಕದ ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಗರ್ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಮನೆಯ ಈ ತಲೆಕೆಲಸವನ್ನು ನಾಲ್ಕು ಭಾಗ ಮಾಡಿದರು. ಮುಂದೆ ಏನು ಬೇಕಾಗುತ್ತೆ ಅಂತ ಊಹಿಸೋದು, ಇರುವ ದಾರಿಗಳನ್ನು ಹುಡುಕೋದು, ತೀರ್ಮಾನ ಮಾಡೋದು, ಆಮೇಲೆ ಅದು ಆಯ್ತೋ ಇಲ್ಲವೋ ಅಂತ ನಿಗಾ ಇಡೋದು. ಅವರು ಮಾತಾಡಿಸಿದ ಜೋಡಿಗಳಲ್ಲಿ ತೀರ್ಮಾನದ ಹೊತ್ತಿಗೆ ಇಬ್ಬರೂ ಇರುತ್ತಿದ್ದರು. ಮೊದಲಿನ ಊಹೆ ಮತ್ತು ಕೊನೆಯ ನಿಗಾ ಹೆಚ್ಚಾಗಿ ಹೆಂಡತಿಯ ಪಾಲು. ಅಲ್ಲಿನ ಅಡುಗೆಮನೆಗೂ ಇಲ್ಲಿನದಕ್ಕೂ ಸಂಬಂಧವಿಲ್ಲ ಅಂದುಕೊಳ್ಳುವವರು ನಾಳೆ ಬೆಳಗ್ಗೆ ಮನೆಯಲ್ಲಿ ಕಾಳು ನೆನೆ ಹಾಕಬೇಕು ಅಂತ ಯಾರಿಗೆ ನೆನಪಾಗುತ್ತೆ ನೋಡಿ.

ನಮ್ಮ ದೇಶದ ಲೆಕ್ಕವೂ ಇದೆ. ಕೇಂದ್ರ ಸರ್ಕಾರದ ಸಮಯ ಬಳಕೆ ಸಮೀಕ್ಷೆ 2024ರಲ್ಲಿ ಕಂಡಂತೆ, ಮನೆಯವರಿಗಾಗಿ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಣ್ಣುಮಕ್ಕಳು ದಿನಕ್ಕೆ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಈ 88 ನೋಡಿ ಪರವಾಗಿಲ್ಲ ಅಂತ ಸಮಾಧಾನಪಡಬೇಡಿ. ಅದು ಕೆಲಸಕ್ಕೆ ಕೈ ಹಾಕಿದ ಗಂಡಸರ ಸರಾಸರಿ ಮಾತ್ರ. 2019ರ ಸಮೀಕ್ಷೆಯಲ್ಲಿ ಹಾಗೆ ಕೈ ಹಾಕಿದ ಗಂಡಸರು ನೂರಕ್ಕೆ 26 ಮಂದಿ, ಹೆಂಗಸರು 81 ಮಂದಿ. "ಏನ್ ಮಾಡ್ಲಿ" ಅಂತ ಬಸ್ಸಿನಲ್ಲಿ ಕೂತು ಯೋಚಿಸಿದ ಹೊತ್ತು ಈ ಯಾವ ಲೆಕ್ಕಕ್ಕೂ ಬರೋದಿಲ್ಲ.

ನಾನು ಓದಿದ್ದು ಇಂಜಿನಿಯರಿಂಗ್. ಯಾವ ಕಾರ್ಖಾನೆಯೂ ಇವತ್ತು ಏನು ತಯಾರಿಸೋಣ ಅಂತ ಸಂಜೆ ಆರಕ್ಕೆ ಕೂತು ಚರ್ಚಿಸಲ್ಲ. ನಮ್ಮ ಮನೆಯಲ್ಲಿ ನಾವಿಬ್ಬರೂ ದುಡಿಯುವವರು. ಮಕ್ಕಳಿಬ್ಬರು, ದೊಡ್ಡವಳಿಗೆ ಆರು, ಸಣ್ಣವನಿಗೆ ಮೂರು. ಏಳೂವರೆಗೆ ತಟ್ಟೆ ಹಾಕದಿದ್ದರೆ ಸಣ್ಣವನು ನಿದ್ದೆಗೆ ಜಾರುತ್ತಾನೆ, ಆಮೇಲೆ ಊಟವೂ ಇಲ್ಲ, ನಿದ್ದೆಯೂ ಇಲ್ಲ. ಹಾಗಾಗಿ ವಾರದ ರಾತ್ರಿ ಊಟ ನಮ್ಮಲ್ಲಿ ಒಂದು ಹಾಳೆಯ ಮೇಲೆ ಇರುತ್ತೆ, ಅಡುಗೆಮನೆಯ ಬಾಗಿಲಿಗೆ ಅಂಟಿಸಿ.

ಸಂತೆಯಿಂದ ಸಂತೆಗೆ

ತೆಲಸಂಗ ಅಥಣಿ ತಾಲ್ಲೂಕಿನ ಹೋಬಳಿ ಊರು. ಪೂರ್ವಕ್ಕೆ ಹೋದರೆ ವಿಜಯಪುರ ಜಿಲ್ಲೆ. ಕೃಷ್ಣಾ ದಂಡೆಯ ಕಬ್ಬಿನ ಹಸಿರು ಇಲ್ಲಿಗೆ ಬರುವಷ್ಟರಲ್ಲಿ ತೆಳುವಾಗಿರುತ್ತೆ. ಇದು ಹಿಂಗಾರಿ ಜೋಳ, ದ್ರಾಕ್ಷಿ ತೋಟಗಳ ಒಣ ಸೀಮೆ. ಇಲ್ಲಿ ಮೊಬೈಲ್ ಒತ್ತಿದರೆ ಹತ್ತು ನಿಮಿಷಕ್ಕೆ ಕೊತ್ತಂಬರಿ ಬರಲ್ಲ. ನಗರದವರಿಗೆ ಇದು ಕೊರತೆ ಅನಿಸಬಹುದು. ಯೋಜನೆ ಮಾಡುವವರಿಗೆ ಅನುಕೂಲ, ಯಾಕೆಂದರೆ ಸಂತೆ ವಾರಕ್ಕೊಂದು ಗಡುವು ಹಾಕಿಕೊಡುತ್ತೆ. ಇಂಟರ್ನೆಟ್ಟಿನ ಊಟದ ಪಟ್ಟಿಗಳೆಲ್ಲಾ ಸೋಮವಾರದಿಂದ ಶುರುವಾಗುತ್ತವೆ. ನೀವು ನಿಮ್ಮೂರಿನ ಸಂತೆ ದಿನದಿಂದ ಶುರು ಮಾಡಿ.

ಮೊದಲ ನಿಯಮ, ಯಾವುದು ಬೇಗ ಬಾಡುತ್ತೋ ಅದು ಮೊದಲು. ಸಂತೆ ದಿನ ರಾತ್ರಿ ಯಾರಿಗೂ ಒಲೆ ಹಚ್ಚುವ ಉಮೇದಿ ಇರಲ್ಲ. ಚುರುಮುರಿ, ಭಜಿ ಹೇಗೂ ಚೀಲದಲ್ಲಿ ಮನೆಗೆ ಬಂದಿರುತ್ತೆ. ಅದನ್ನ ಪಾಪದ ಲೆಕ್ಕಕ್ಕೆ ಬರೆಯೋದು ಬೇಡ, ಊಟದ ಲೆಕ್ಕಕ್ಕೇ ಬರೆಯಿರಿ, ಜೊತೆಗೊಂದಿಷ್ಟು ಮೊಸರನ್ನ. ಆ ರಾತ್ರಿಯ ನಿಜವಾದ ಕೆಲಸ ಸೊಪ್ಪು ಸೋಸೋದು. ಆರು ವರ್ಷದ ಮಗುವಿಗೆ ಮೆಂತ್ಯ ಬಿಡಿಸೋಕೆ ಚೆನ್ನಾಗಿ ಬರುತ್ತೆ, ಗಂಡುಮಗುವಿಗೂ ಬರುತ್ತೆ.

ಎರಡನೇ ದಿನ ಹೆಸರುಬೇಳೆ ಹಾಕಿದ ಮೆಂತ್ಯ ಪಲ್ಲೆ, ಬಿಸಿ ರೊಟ್ಟಿ. ಮೂರನೇ ದಿನ ಪುಂಡಿಪಲ್ಲೆ. ಪುಂಡಿ ಹುಳಿ ಇರೋದರಿಂದ ಮರುದಿನ ಮಧ್ಯಾಹ್ನಕ್ಕೂ ಕೆಡಲ್ಲ, ರುಚಿ ಇನ್ನೂ ಏರುತ್ತೆ. ಜೋಳದ ನುಚ್ಚು, ಬ್ಯಾಳಿ, ಶೇಂಗಾ ಬಿದ್ದರೆ ಅದೊಂದೇ ಪೂರ್ತಿ ಊಟ. ನಾಲ್ಕನೇ ದಿನಕ್ಕೆ ಬದನೆಕಾಯಿ ಎಣ್ಣೆಗಾಯಿ. ಅಲ್ಲಿಗೆ ಸಂತೆಯ ಚೀಲ ಖಾಲಿ. ಮುಂದಿನ ಮೂರು ದಿನ ಡಬ್ಬಿಗಳ ಮೇಲೆ ನಡೀಬೇಕು: ಮೊಳಕೆ ಮಡಕಿ ಕಾಳು, ಅಕ್ಕಿ-ಹೆಸರುಬೇಳೆ ಕಿಚಡಿ, ಝುಣಕ. ಕಡಲೆಹಿಟ್ಟು, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ ಇದ್ದರೆ ಝುಣಕ ಹದಿನೈದು ನಿಮಿಷದ ಕೆಲಸ. ಅದಕ್ಕೇ ಅದನ್ನ ಕೊನೆಗೆ ಇಡೋದು. ಮಧ್ಯದಲ್ಲಿ ಯಾರಿಗಾದರೂ ಜ್ವರ ಬಂದರೆ, ಬಸ್ ತಡವಾದರೆ, ಝುಣಕದ ದಿನ ಮುಂದೆ ಬರುತ್ತೆ, ಆ ದಿನದ್ದು ಹಿಂದೆ ಹೋಗುತ್ತೆ. ಪಟ್ಟಿಯಲ್ಲಿ ಇಂಥದೊಂದು ದಿನ ಇಲ್ಲದಿದ್ದರೆ ಮೂರನೇ ವಾರಕ್ಕೆ ಪಟ್ಟಿ ಕಸದ ಬುಟ್ಟಿಗೆ.

ಮಡಕಿ ಕಾಳಿಗೆ ಮಾತ್ರ ಎರಡು ದಿನ ಮುಂಚೆ ನೆನಪಾಗಬೇಕು. ಒಂದು ರಾತ್ರಿ ನೆನೆ ಹಾಕಿ, ಬೆಳಗ್ಗೆ ನೀರು ಬಸಿದು ಒದ್ದೆ ಅರಿವೆಯಲ್ಲಿ ಕಟ್ಟಿಟ್ಟರೆ ಮರುದಿನಕ್ಕೆ ಮೊಳಕೆ. ಮೊಳಕೆ ಬರಿಸೋದು ಬರೀ ರುಚಿಗಲ್ಲ. ಕಾಳಿನಲ್ಲಿರುವ ಫೈಟಿಕ್ ಆಮ್ಲ ಕಬ್ಬಿಣದ ಅಂಶವನ್ನು ಹಿಡಿದಿಟ್ಟುಕೊಳ್ಳುತ್ತೆ, ಮೊಳಕೆ ಬಂದಾಗ ಅದು ಕಡಿಮೆಯಾಗುತ್ತೆ. ಮೇಲೆ ಲಿಂಬೆ ಹಿಂಡಿದರೆ ಅದರ ಸಿ ಜೀವಸತ್ವದಿಂದ ಕಬ್ಬಿಣ ಇನ್ನಷ್ಟು ಚೆನ್ನಾಗಿ ಮೈಗೆ ಹತ್ತುತ್ತೆ. ಇನ್ನು ಜೋಳದಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಕಡಿಮೆ, ಕಾಳಿನಲ್ಲಿ ಜಾಸ್ತಿ; ರೊಟ್ಟಿ ಜೊತೆ ಕಾಳುಪಲ್ಲೆ ಬಡಿಸುವ ರೂಢಿ ಈ ಕೊರತೆಯನ್ನ ತುಂಬುತ್ತೆ. ಐಸಿಎಂಆರ್-ಎನ್ಐಎನ್ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗಸೂಚಿಯಲ್ಲಿ 2000 ಕ್ಯಾಲೊರಿಯ ದಿನದ ತಟ್ಟೆಗೆ ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ, ಬೇಳೆಕಾಳು ಅಥವಾ ಮೊಟ್ಟೆ-ಮಾಂಸ 85 ಗ್ರಾಂ ಅಂತಿದೆ. ನಮ್ಮ ಹೆಚ್ಚಿನ ಮನೆಗಳ ತಟ್ಟೆಯಲ್ಲಿ ಧಾನ್ಯವೇ ಗುಡ್ಡ, ತರಕಾರಿ ಅಂಚಿಗೆ.

ಶಾಲೆಗೆ ಹೋಗುವ ಮಗು ಇದ್ದರೆ ಮಧ್ಯಾಹ್ನ ಅಲ್ಲೇನು ಕೊಟ್ಟರು ಅಂತ ಕೇಳಿ ಪಟ್ಟಿ ಬರೆಯಿರಿ. ಬಿಸಿಯೂಟದಲ್ಲಿ ಅನ್ನ-ಸಾಂಬಾರು ತಿಂದ ಮಗುವಿಗೆ ರಾತ್ರಿಯೂ ಅನ್ನ ಬೇಡ. ಮೊಟ್ಟೆಯ ವಿಷಯವೂ ಹಾಗೇ. 2021ರ ಕೊನೆಯಲ್ಲಿ ಪಕ್ಕದ ವಿಜಯಪುರವೂ ಸೇರಿ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಶುರುವಾದಾಗ ಮಠಾಧೀಶರು ವಿರೋಧಿಸಿದ್ದು ನಿಮಗೆ ನೆನಪಿರಬಹುದು. ನಂತರ ಅದು ರಾಜ್ಯದ ಉಳಿದ ಜಿಲ್ಲೆಗಳಿಗೂ ಬಂತು, 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ಬೇಡ ಅಂದವರಿಗೆ ಬಾಳೆಹಣ್ಣು. ರಾತ್ರಿ ಊಟಕ್ಕೆ ಪ್ರೋಟೀನ್ ಎಲ್ಲಿಂದ ತರೋದು ಅಂತ ಚಿಂತೆ ಮಾಡುವ ತಾಯಂದಿರ ತಲೆಭಾರವನ್ನ ಒಂದು ಸರ್ಕಾರಿ ಆದೇಶ ಇಷ್ಟು ಕಡಿಮೆ ಮಾಡಬಲ್ಲದು. ಆ ಜಗಳದ ಹೊತ್ತಲ್ಲಿ ಈ ಮಾತು ಆಡಿದವರು ಕಡಿಮೆ.

ಖಡಕ್ ರೊಟ್ಟಿಯ ಎಂಜಿನಿಯರಿಂಗ್

ಫ್ರಿಜ್ ಬರುವ ಮೊದಲೇ ಈ ಭಾಗದ ಹೆಣ್ಣುಮಕ್ಕಳು ರಾತ್ರಿ ಊಟವನ್ನ ಎರಡು ತುಂಡು ಮಾಡಿದ್ದರು. ಹೊತ್ತು ಇದ್ದಾಗ ಮಾಡಿಡುವುದು, ಹೊತ್ತು ಇಲ್ಲದಾಗ ತೆಗೆದು ಬಡಿಸುವುದು. ಬೇಯಿಸಿದ ರೊಟ್ಟಿಯನ್ನ ಸಣ್ಣ ಉರಿಯಲ್ಲಿ ಒಣಗಿಸಿದರೆ ತೇವ ಹೋಗುತ್ತೆ, ತೇವ ಇಲ್ಲದ ಕಡೆ ಬೂಸ್ಟು ಬೆಳೆಯಲ್ಲ. ತಿಂಗಳಾದರೂ ಕೆಡದ ಊಟ ತಯಾರು. ಶೇಂಗಾ, ಅಗಸಿ, ಗುರೆಳ್ಳು ಚಟ್ನಿಪುಡಿಗಳ ಹಿಂದೆಯೂ ಇದೇ ತಂತ್ರ. ವಾರದಲ್ಲಿ ಎರಡು ರಾತ್ರಿ ಮಾತ್ರ ಬಿಸಿ ರೊಟ್ಟಿ, ಮೂರು ರಾತ್ರಿ ಖಡಕ್, ಉಳಿದೆರಡು ರಾತ್ರಿ ಅನ್ನ ಅಥವಾ ಕಿಚಡಿ ಅಂತ ಇಟ್ಟರೆ ವಾರ ಸಲೀಸಾಗಿ ಸಾಗುತ್ತೆ.

"ರೊಟ್ಟಿ ಬಡಿಯೋದು ಗಂಡಸರ ಕೈಗೆ ಬರಲ್ಲ" ಅನ್ನುವ ಮಾತಿದೆಯಲ್ಲ, ಅದನ್ನೂ ಇಲ್ಲೇ ಬಿಡಿಸೋಣ. ಗೋಧಿಯಲ್ಲಿ ಗ್ಲುಟೆನ್ ಇದೆ, ಅದು ಹಿಟ್ಟನ್ನ ರಬ್ಬರಿನಂತೆ ಹಿಡಿದಿಡುತ್ತೆ. ಜೋಳದಲ್ಲಿ ಅದಿಲ್ಲ. ಅದಕ್ಕೇ ಕುದಿಯುವ ಎಸರು ಹಾಕೋದು. ಬಿಸಿಗೆ ಪಿಷ್ಟ ಅಂಟಾಗಿ ಹಿಟ್ಟಿಗೆ ಜಿಗಿ ಬರುತ್ತೆ. ಹಿಟ್ಟು ಹಳೆಯದಾದರೆ ಜಿಗಿ ಕಡಿಮೆ, ರೊಟ್ಟಿ ಅಂಚಲ್ಲಿ ಸೀಳುತ್ತೆ. ಆದ್ದರಿಂದ ಗಿರಣಿಯಲ್ಲಿ ಒಂದು ಸಲಕ್ಕೆ ಹದಿನೈದು ದಿನಕ್ಕಾಗುವಷ್ಟೇ ಬೀಸಿಸಿ. ಸಜ್ಜಿ ಹಿಟ್ಟಾದರೆ ಇನ್ನೂ ಕಡಿಮೆ, ಅದರ ಜಿಡ್ಡಿನಿಂದಾಗಿ ಬೇಗ ಕಹಿಯಾಗುತ್ತೆ. ಹೊಸ ಹಿಟ್ಟು, ಕುದಿಯುವ ನೀರು, ಚೆನ್ನಾಗಿ ನಾದುವ ತಾಳ್ಮೆ. ಈ ಮೂರರಲ್ಲಿ ಯಾವುದಕ್ಕೂ ಹೆಣ್ಣಾಗಿ ಹುಟ್ಟಬೇಕಿಲ್ಲ. ನಮ್ಮ ಮನೆಯ ಗಂಡಸು ಬಡಿದ ರೊಟ್ಟಿ ಕರ್ನಾಟಕದ ನಕಾಶೆಯ ಹಾಗಿರುತ್ತೆ, ಬೆಳಗಾವಿ ಭಾಗ ಸ್ವಲ್ಪ ದಪ್ಪ. ಮಕ್ಕಳು ಅದನ್ನೇ ಮೊದಲು ಕೇಳ್ತಾರೆ.

ಖಡಕ್ ರೊಟ್ಟಿಯನ್ನ ಮಾಡಿಸಿಕೊಳ್ಳುವವರು, ಕೊಳ್ಳುವವರು ಈಗ ಹೆಚ್ಚು. ನಾವೂ ಕೊಳ್ಳುತ್ತೇವೆ. ಇಲ್ಲೊಂದು ಲೆಕ್ಕ ಹಾಕಲೇಬೇಕು. ಒಂದು ರೊಟ್ಟಿಗೆ ಸುಮಾರು 50 ಗ್ರಾಂ ಹಿಟ್ಟು. ಕೆಜಿಗೆ 50 ರೂಪಾಯಿ ಹಿಡಿದರೂ ಎರಡೂವರೆ ರೂಪಾಯಿ ಅಲ್ಲಿಗೇ ಹೋಯ್ತು. ಮೂರು ನಿಮಿಷಕ್ಕೊಂದು ಅಂದರೆ ಗಂಟೆಗೆ ಇಪ್ಪತ್ತು ರೊಟ್ಟಿ. 2025-26ಕ್ಕೆ ಕರ್ನಾಟಕದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ, ಎಂಟು ಗಂಟೆಗೆ ಭಾಗಿಸಿದರೆ ಗಂಟೆಗೆ 46. ರೊಟ್ಟಿಯೊಂದಕ್ಕೆ ಕೂಲಿ 2 ರೂಪಾಯಿ 30 ಪೈಸೆ. ಹಿಟ್ಟು, ಕೂಲಿ ಸೇರಿಯೇ ಸುಮಾರು ಐದು ರೂಪಾಯಿ. ಗ್ಯಾಸು, ಒಣಗಿಸುವ ಹೊತ್ತು, ಮುರಿದು ಹೋದವು ಇನ್ನೂ ಬೇರೆ. ಐದು ರೂಪಾಯಿಗಿಂತ ಕಡಿಮೆಗೆ ರೊಟ್ಟಿ ಸಿಕ್ಕಿತು ಅಂದರೆ, ಅದನ್ನ ಬಡಿದ ಹೆಣ್ಣುಮಗಳಿಗೆ ಮಣ್ಣು ಹೊರುವ ಕೂಲಿಯೂ ಗಿಟ್ಟಿಲ್ಲ. ನನ್ನ ಸಂಜೆ ಹಗುರಾಗಿದ್ದು ಅವಳ ಮಧ್ಯಾಹ್ನದಿಂದ. ಡಜನ್‌ಗೆ ಹತ್ತು ರೂಪಾಯಿ ಚೌಕಾಸಿ ಮಾಡುವ ಮುಂಚೆ ಈ ಲೆಕ್ಕ ನೆನಪಿರಲಿ.

ಪುಕ್ಕಟೆ ಅಕ್ಕಿ, ತುಟ್ಟಿ ಜೋಳ

ಎರಡು ರಾತ್ರಿ ಅನ್ನ ಅಂದೆ. ಬಹಳ ಮನೆಗಳಲ್ಲಿ ಅದು ಏಳೂ ರಾತ್ರಿ ಆಗಿದೆ, ಅದು ಸೋಮಾರಿತನ ಅಲ್ಲ. ರೇಷನ್ ಅಂಗಡಿಯಲ್ಲಿ ಅಕ್ಕಿ ಪುಕ್ಕಟೆ ಸಿಗುತ್ತೆ, ಕುಕ್ಕರ್ ಮೂರು ಸೀಟಿ ಹೊಡೆದರೆ ಆಯ್ತು. ಮಾಲ್ದಂಡಿ ಜೋಳಕ್ಕೆ 2025-26ರ ಬೆಂಬಲ ಬೆಲೆಯೇ ಕ್ವಿಂಟಲ್‌ಗೆ 3,749 ರೂಪಾಯಿ. ಅಂದರೆ ಹೊಲದ ಬದುವಿನಲ್ಲೇ ಕೆಜಿಗೆ 37 ರೂಪಾಯಿ, ಆಮೇಲೆ ಗಿರಣಿ, ಆಮೇಲೆ ಎಸರು, ಬಡಿಯುವ ಕೈ. ಜೋಳ ಬೆಳೆಯುವ ಸೀಮೆಯಲ್ಲಿ ಅಕ್ಕಿಯೇ ಸುಲಭದ ಊಟ ಆಗಿರೋದರ ಹಿಂದೆ ಹಣದ ಜೊತೆ ಹೆಂಗಸರ ಹೊತ್ತಿನ ಲೆಕ್ಕವೂ ಇದೆ. 2023ನ್ನ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ಆಚರಿಸಿದವರು ವೇದಿಕೆಯಲ್ಲಿ ರೊಟ್ಟಿ ತಿಂದರು. ರೊಟ್ಟಿ ಬಡಿಯುವವರ ಹೊತ್ತಿನ ಬಗ್ಗೆ ಯಾರೂ ಕೇಳಲಿಲ್ಲ.

2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಹೆಚ್ಚುವರಿ 5 ಕೆಜಿ ಅಕ್ಕಿಯ ಬದಲು ತೊಗರಿಬೇಳೆ, ಅಡುಗೆ ಎಣ್ಣೆ ಇರುವ ‘ಇಂದಿರಾ ಆಹಾರ ಕಿಟ್’ ಕೊಡಲು ಒಪ್ಪಿತು. ರಾತ್ರಿ ಊಟದ ದೃಷ್ಟಿಯಿಂದ ನನಗಿದು ಸರಿಯಾದ ಹೆಜ್ಜೆ. ಅನ್ನದ ಜೊತೆ ಏನು ಅನ್ನುವುದೇ ಬಡಮನೆಯ ಆರು ಗಂಟೆಯ ಪ್ರಶ್ನೆ. ಆದರೂ ನಮ್ಮ ಭಾಗಕ್ಕೆ ಜೋಳ ತಿಂಗಳು ತಪ್ಪದೆ ಸಿಗಬೇಕು, ಅದೂ ಇಲ್ಲಿನ ರೈತರಿಂದ ಕೊಂಡ ಜೋಳ.

ಮತ್ತೆ ಬಾಗಿಲ ಮೇಲಿನ ಹಾಳೆಗೆ. ಅದರಲ್ಲಿ ಊಟದ ಹೆಸರಿಗಿಂತ ಮುಖ್ಯವಾದ ಎರಡು ಕಾಲಂ ಇವೆ. ಮುಂಚಿನ ದಿನ ಏನು ಆಗಬೇಕು, ಯಾರು ನೆನಪಿಡಬೇಕು. ‘ಮಾಡುವವರು’ ಅಂತಷ್ಟೇ ಬರೆದರೆ ಮನೆಯ ಗಂಡಸು ಎಂಟು ಗಂಟೆಗೆ ಬಂದು "ಕಾಳು ನೆನೆಸಿದ್ದೀಯಾ?" ಅಂತ ಕೇಳಿ ಒಗ್ಗರಣೆ ಮಾತ್ರ ಹಾಕ್ತಾನೆ. ಕಾಳಿನ ದಿನ ಅವನದಾದರೆ ನೆನೆ ಹಾಕುವ ನೆನಪೂ ಅವನದೇ. ಗಿರಣಿ, ಸಿಲಿಂಡರ್ ಬುಕಿಂಗ್, ಸಂತೆ ಚೀಟಿ ಎಲ್ಲದರ ಮುಂದೆಯೂ ಒಂದೊಂದು ಹೆಸರು. ತಿಂಗಳಿಗೊಮ್ಮೆ ಹೆಸರುಗಳು ಅದಲು ಬದಲು.

ಸಣ್ಣ ಮಕ್ಕಳಿರುವವರಿಗೆ ಕೊನೆಯದಾಗಿ ಒಂದು. ಬೇರೆ ಅಡುಗೆ ಮಾಡಬೇಡಿ, ಒಂದೇ ಪಾತ್ರೆಯಿಂದ ಮುಂಚೆ ತೆಗೆದಿಡಿ. ಮಡಕಿ ಕಾಳು ಬೆಂದ ಮೇಲೆ ಖಾರ ಹಾಕುವ ಮೊದಲೇ ಒಂದು ಸೌಟು ಕಾಳು, ಒಂದು ಬಟ್ಟಲು ಕಟ್ಟು ಬೇರೆ ಮಾಡಿ, ಜೀರಿಗೆ-ಬೆಳ್ಳುಳ್ಳಿ ತುಪ್ಪದ ಒಗ್ಗರಣೆ ಕೊಡಿ. ಖಡಕ್ ರೊಟ್ಟಿ ಮುರಿದು ಅದರಲ್ಲಿ ಹತ್ತು ನಿಮಿಷ ನೆನೆಸಿದರೆ ಮೂರು ವರ್ಷದ ಹಲ್ಲಿಗೂ ಹದ. ಕಾಳನ್ನ ಸ್ವಲ್ಪ ಹಿಸುಕಿ. ಶೇಂಗಾ ಇಡಿಯಾಗಿ ಕೊಡಬೇಡಿ, ಗಂಟಲಿಗೆ ಸಿಕ್ಕೀತು; ಪುಡಿ ಮಾಡಿ ಮೊಸರಲ್ಲಿ ಕಲಸಿ. ದೊಡ್ಡವರ ಪಾಲಿಗೆ ಆಮೇಲೆ ಎಷ್ಟು ಬೇಕಾದರೂ ಕೆಂಪುಖಾರ ಬೀಳಲಿ.