ನೈಟ್ರೋಗೆ ‘ಕ್ಲಾಸಿಕ್’ ಪಟ್ಟ ಸಲ್ಲುವುದೆ?

ಕಚೇರಿಯ ಚಹದ ಹೊತ್ತಿನಲ್ಲಿ ತೀರ್ಮಾನವಾಗದ ಪ್ರಶ್ನೆಯೆಂಬುದಿಲ್ಲ. ಕಡತಗಳು ವರ್ಷಗಟ್ಟಲೆ ಕಾಯಬಹುದು. ಆದರೆ ಚಹ ಆರುವುದರೊಳಗೆ ಲೋಕದ ವ್ಯಾಜ್ಯಗಳೆಲ್ಲ ಇತ್ಯರ್ಥವಾಗಿರುತ್ತವೆ. ಈಚೆಗೆ ಒಂದು ವ್ಯಾಜ್ಯ ಮಾತ್ರ ಇತ್ಯರ್ಥವಾಗದೆ ನಮ್ಮ ಹೆಗಲೇರಿ ಮನೆಯವರೆಗೂ ಬಂದಿತು. ಖೋಪೋಲಿಯ ಇಮ್ಯಾಜಿಕಾ ಉದ್ಯಾನಕ್ಕೆ ಹೋಗಿ ಬಂದ ಕಿರಿಯ ಮಿತ್ರರೊಬ್ಬರು ಅಲ್ಲಿಯ ‘ನೈಟ್ರೋ’ ಎಂಬ ರೋಲರ್ ಕೋಸ್ಟರನ್ನು ಬಾಯ್ತುಂಬ ಹೊಗಳಿ, “ಅದೊಂದು ಕ್ಲಾಸಿಕ್” ಎಂದರು. ನಿವೃತ್ತಿಯ ಅಂಚಿನಲ್ಲಿರುವ ಹಿರಿಯರೊಬ್ಬರು ಬಟ್ಟಲನ್ನು ಕೆಳಗಿಟ್ಟು, “ಮೊನ್ನೆ ಮೊನ್ನೆ ಹುಟ್ಟಿದ್ದು ಕ್ಲಾಸಿಕ್ ಆದರೆ ನಮ್ಮನ್ನೇನೆಂದು ಕರೆಯುತ್ತೀರಿ?” ಎಂದು ಕೇಳಿದರು. ನಗೆಯಲ್ಲಿ ಮಾತು ಮುಗಿಯಿತು, ಪ್ರಶ್ನೆ ಮುಗಿಯಲಿಲ್ಲ.

ಕನ್ನಡಿಗರಾದ ನಮಗೆ ಇಂಥ ಪಟ್ಟದ ಮಾತು ಹೊಸದಲ್ಲವಷ್ಟೆ. ನಮ್ಮ ನುಡಿಗೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದು 2008ರಲ್ಲಿ. ಅದಕ್ಕೆ ಸರ್ಕಾರವಿಟ್ಟ ನಿಯಮಗಳಲ್ಲಿ ಒಂದು, ಆ ಭಾಷೆಯ ಆದಿ ಬರಹಗಳಿಗೆ 1500ರಿಂದ 2000 ವರ್ಷಗಳ ವಯಸ್ಸಾಗಿರಬೇಕೆಂಬುದು. ಭಾಷೆಗೆ ಹೀಗೊಂದು ಅಳತೆಗೋಲಿದೆ. ಜನರು ಹಣ ಕೊಟ್ಟು ಕುಳಿತು ಕಿರಿಚಿಕೊಳ್ಳುವ ಗಾಡಿಗೆ ಯಾವ ಅಳತೆಗೋಲು? ಕುಳಿತಲ್ಲೇ ತೀರ್ಪು ಬರೆಯುವುದು ಸಲ್ಲದೆಂದು, ಒಂದು ಭಾನುವಾರ ಮನೆಯವರನ್ನೂ ಮಗಳನ್ನೂ ಕರೆದುಕೊಂಡು ಹೊರಟೆವು.

ಪುಣೆಯಿಂದ ಹೊರಟು, ಲೋಣಾವಳ ದಾಟಿ ಘಾಟಿಯಿಳಿದರೆ ಖೋಪೋಲಿ. ಅಷ್ಟವಿನಾಯಕರಲ್ಲೊಬ್ಬನಾದ ಬಲ್ಲಾಳೇಶ್ವರನ ಪಾಲಿಗೆ ಹೋಗುವ ರಸ್ತೆಯಲ್ಲಿ ಈ ಉದ್ಯಾನವಿದೆ. 2013ರಲ್ಲಿ ತೆರೆದ ಇದನ್ನು ಕಟ್ಟಿಸಿದವರು, ಚಿತ್ರೋದ್ಯಮದಲ್ಲಿ ಹೆಸರು ಮಾಡಿದ, ನಮ್ಮ ತುಳುನಾಡಿನ ಮೂಲದ ಮನಮೋಹನ ಶೆಟ್ಟಿಯವರು. ಮುಂದೆ ಸಾಲದ ಹೊರೆಯಿಂದ ಬಳಲಿದ ಸಂಸ್ಥೆ 2022ರಲ್ಲಿ ಮಾಲಪಾಣಿ ಸಮೂಹದ ಕೈಸೇರಿತು. ನೈಟ್ರೋ ಈ ಉದ್ಯಾನದ ಕಳಶವೆಂದರೆ ತಪ್ಪಾಗದು. ಎತ್ತರ ಸುಮಾರು 40 ಮೀಟರು. ಹದಿಮೂರು ಅಂತಸ್ತಿನ ಮನೆಯಷ್ಟು. ದಾರಿಯಲ್ಲಿ ಐದು ಸಲ ಮನುಷ್ಯನನ್ನು ತಲೆಕೆಳಗು ಮಾಡುತ್ತದೆ. ಕಟ್ಟಿದ್ದು 1988ರಲ್ಲಿ ಆರಂಭವಾದ ಬೊಲಿಗರ್ ಮತ್ತು ಮಬಿಯಾರ್ ಎಂಬ ಸ್ವಿಸ್ ಸಂಸ್ಥೆ.

ಇದರ ವಿಶೇಷವೆಂದರೆ ಗಾಡಿಗೆ ನೆಲವಿಲ್ಲದಿರುವುದು. ಕುರ್ಚಿಯಲ್ಲಿ ಕೂಡಿಸಿ, ಹೆಗಲಮೇಲೆ ಕಬ್ಬಿಣದ ತೋಳನ್ನು ಇಳಿಸಿ ಬಿಗಿದ ಮೇಲೆ, ನಿಲ್ದಾಣದ ನೆಲವೇ ಕಾಲಡಿಯಿಂದ ಸರಿದುಹೋಗುತ್ತದೆ. ಕಾಲು ಬಾವಿಕಟ್ಟೆಯ ಮೇಲೆ ಕುಳಿತವರ ಕಾಲಿನಂತೆ ಜೋಲುತ್ತದೆ. ಆಮೇಲೆ ಸರಪಳಿಯೊಂದು ಗಾಡಿಯನ್ನು ಕಟಕಟನೆ ಮೇಲಕ್ಕೆಳೆಯುತ್ತದೆ. ಯಂತ್ರದ ಕೆಲಸ ಅಲ್ಲಿಗೆ ಮುಗಿಯಿತು. ಉಳಿದದ್ದೆಲ್ಲ ಭೂಮಿಯ ಸೆಳೆತದ್ದು. 40 ಮೀಟರು ಕೆಳಗೆ ಬೀಳುವ ವಸ್ತುವಿನ ವೇಗ ಶಾಲೆಯ ಲೆಕ್ಕದಂತೆ ಗಂಟೆಗೆ ಸುಮಾರು 100 ಕಿಲೋಮೀಟರು. ಆ ಲೆಕ್ಕವನ್ನು ಹಿಂದೆ ಪರೀಕ್ಷೆಯಲ್ಲಿ ಬರೆದಿದ್ದೆವು. ಅಂದು ಹೊಟ್ಟೆಯಿಂದ ಕಲಿತೆವು.

ಮಿತ್ರರ ಪಕ್ಷದಲ್ಲಿ ಹೇಳತಕ್ಕದ್ದು ಸಾಕಷ್ಟಿದೆ. ಮನುಷ್ಯನನ್ನು ನೋವಿಲ್ಲದೆ ತಲೆಕೆಳಗು ಮಾಡುವುದು ಸುಲಭದ ವಿದ್ಯೆಯಲ್ಲ. 1895ರಲ್ಲಿ ನ್ಯೂಯಾರ್ಕಿನ ಕೋನಿ ದ್ವೀಪದಲ್ಲಿ ‘ಫ್ಲಿಪ್ ಫ್ಲ್ಯಾಪ್’ ಎಂಬ ಗಾಡಿಯನ್ನು ಬಳೆಯಂಥ ಪೂರ್ಣ ವೃತ್ತದಲ್ಲಿ ಸುತ್ತಿಸಿದರು. ಕುಳಿತವರ ಕೊರಳು ಉಳುಕಿತು. ವೃತ್ತವನ್ನು ಹೊಕ್ಕೊಡನೆ ದೇಹದ ಮೇಲೆ ಭಾರ ಒಮ್ಮೆಗೇ ಬೀಳುವುದೇ ಅದಕ್ಕೆ ಕಾರಣ. ಬಳೆಯನ್ನು ನೀರಹನಿಯ ಆಕಾರಕ್ಕೆ ತಿದ್ದಿ, ತಿರುವು ಮೆಲ್ಲಗೆ ಬಿಗಿಯಾಗುವಂತೆ ಮಾಡಿದ ಮೇಲೆ ಈ ಬಾಧೆ ತಪ್ಪಿತು. 1976ರಲ್ಲಿ ಕ್ಯಾಲಿಫೋರ್ನಿಯದ ‘ರೆವಲ್ಯೂಷನ್’ ಅದನ್ನು ಸಾಧಿಸಿ ತೋರಿಸಿತು. ಆ ಎಂಟು ದಶಕಗಳ ಪಾಠವೆಲ್ಲ ನೈಟ್ರೋದ ಉಕ್ಕಿನಲ್ಲಿದೆ. ಕೊರಳು ಎಲ್ಲಿಯೂ ಕುಲುಕಲಿಲ್ಲ; ತಿರುವುಗಳು ನುರಿತ ಕೈ ಬರೆದ ಮೋಡಿ ಅಕ್ಷರದಂತೆ ಒಂದಕ್ಕೊಂದು ಕೂಡಿಕೊಂಡು ಬಂದವು.

ಹಿರಿಯರ ಪಕ್ಷವೂ ಹಗುರವಲ್ಲ. ನೆಲವಿಲ್ಲದ ಗಾಡಿಯನ್ನು ಇದೇ ಸಂಸ್ಥೆ 1999ರಲ್ಲಿಯೇ ಅಮೆರಿಕದಲ್ಲಿ ‘ಮೆಡೂಸಾ’ ಎಂಬ ಹೆಸರಿನಿಂದ ಕಟ್ಟಿತ್ತು. ನೈಟ್ರೋ ನಮ್ಮ ದೇಶಕ್ಕೆ ಹೊಸದು, ಲೋಕಕ್ಕಲ್ಲ. ಅಮೆರಿಕದಲ್ಲಿ ಈ ಗಾಡಿಗಳ ಪ್ರಿಯರೇ 1978ರಲ್ಲಿ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಅವರು ‘ಕ್ಲಾಸಿಕ್’ ಎಂಬ ಮನ್ನಣೆಯನ್ನು ಮೀಸಲಿಟ್ಟದ್ದು ಹಳೆಯ ಕ್ರಮವನ್ನು ಉಳಿಸಿಕೊಂಡ ಮರದ ಗಾಡಿಗಳಿಗೆ. ಉಕ್ಕಿನ ನೈಟ್ರೋ ಅಲ್ಲಿ ಬಾಗಿಲಲ್ಲೇ ನಿಲ್ಲಬೇಕು. ಹೊಸದೆಂಬ ಒಂದೇ ಕಾರಣಕ್ಕೆ ತಳ್ಳಿಹಾಕುವುದೂ ನ್ಯಾಯವಲ್ಲ. 1989ರ ‘ಮ್ಯಾಗ್ನಮ್’ ಎಂಬ ಉಕ್ಕಿನ ಗಾಡಿಗೆ ಅದೇ ಸಂಘ ಹದಿನೈದೇ ವರ್ಷಗಳಲ್ಲಿ ಚಾರಿತ್ರಿಕ ಹೆಗ್ಗುರುತೆಂಬ ಗೌರವ ಕೊಟ್ಟಿತು. ಆದರೆ ಅದು ಎತ್ತರದಲ್ಲಿ 200 ಅಡಿಯ ಗಡಿಯನ್ನು ದಾಟಿ ಉಳಿದವರಿಗೆ ದಾರಿ ತೋರಿತ್ತು.

ಹಾಗಾದರೆ ಎತ್ತರ, ವೇಗ, ಮೊದಲಿಗತನ ಇವೇ ಅಳತೆಯೆ? ನಮಗೆ ಹಾಗೆ ತೋರುವುದಿಲ್ಲ. ಕೋನಿ ದ್ವೀಪದ ‘ಸೈಕ್ಲೋನ್’ ಎಂಬ ಮರದ ಹಾಸಿನ ಗಾಡಿಯ ಕಥೆ ಕೇಳಿ. 1927ರಲ್ಲಿ ಅದು ಆರಂಭವಾದಾಗ ಟಿಕೆಟಿಗೆ 25 ಸೆಂಟು. ನಗರದ ರೈಲು ಹತ್ತಿ ಯಾರು ಬೇಕಾದರೂ ಹೋಗಬಹುದಾಗಿತ್ತು. ಎತ್ತರ 26 ಮೀಟರು. ನೈಟ್ರೋದ ಮುಂದೆ ಅದು ಮಗು. 1970ರ ದಶಕದಲ್ಲಿ ಪಕ್ಕದ ಮತ್ಸ್ಯಾಲಯದ ವಿಸ್ತರಣೆಗಾಗಿ ಅದನ್ನು ಕೆಡವುವ ಮಾತೆದ್ದಿತು. ಜನರು ಬಿಡಲಿಲ್ಲ. ಗಲಾಟೆಯೆಬ್ಬಿಸಿದರು, ಗಾಡಿ ದುರಸ್ತಿಯಾಗಿ 1975ರಲ್ಲಿ ಮತ್ತೆ ಓಡಿತು. 1988ರಲ್ಲಿ ನಗರವೇ ಅದನ್ನು ರಕ್ಷಿತ ಸ್ಮಾರಕವೆಂದು ಸಾರಿತು.

ಅಷ್ಟು ದೂರವೇಕೆ? ನಮ್ಮ ಪುಣೆಯ ಪೇಶ್ವೆ ಪಾರ್ಕಿನಲ್ಲಿ 1956ರಲ್ಲಿ ಓಡಲಾರಂಭಿಸಿದ ‘ಫುಲರಾಣಿ’ಯೆಂಬ ಪುಟ್ಟ ರೈಲನ್ನು ನೆನೆಯಿರಿ. ಅದಕ್ಕೆ ಎತ್ತರವೂ ಇಲ್ಲ, ವೇಗವೂ ಇಲ್ಲ. ಆದರೂ ಈ ಊರಿನಲ್ಲಿ ಅಜ್ಜಿ, ತಾಯಿ, ಮೊಮ್ಮಗಳು ಮೂವರೂ ತಮ್ಮ ತಮ್ಮ ಬಾಲ್ಯದಲ್ಲಿ ಅದರಲ್ಲಿ ಕುಳಿತ ಮನೆಗಳುಂಟು. ಫುಲರಾಣಿ ಕ್ಲಾಸಿಕ್ ಹೌದೋ ಅಲ್ಲವೋ ಎಂದು ಪುಣೆಯಲ್ಲಿ ಯಾರೂ ಚರ್ಚಿಸುವುದಿಲ್ಲ. ಆ ಅಗತ್ಯವೇ ಬೀಳುವುದಿಲ್ಲ.

ಇಲ್ಲಿ ನಮ್ಮ ಮನೆಯ ಮಾತೊಂದನ್ನು ಹೇಳುವುದಕ್ಕೆ ವಾಚಕರು ಅನುಮತಿ ಕೊಡಬೇಕು. ನಮಗೆ ಹತ್ತು ವರ್ಷವಾಗಿದ್ದಾಗ ತಂದೆಯವರು ನಮ್ಮನ್ನು ಮುಂಬಯಿಯ ಗೋರಾಯಿಯಲ್ಲಿದ್ದ ಎಸ್ಸೆಲ್ ವರ್ಲ್ಡಿಗೆ ಕರೆದೊಯ್ದಿದ್ದರು. ಧಾರವಾಡದಿಂದ ಪುಣೆಗೆ ಹೊಟ್ಟೆಪಾಡಿಗೆಂದು ಬಂದವರು. ಕಾಸಿಗೆ ಕಾಸು ಕೂಡಿಸಿ ಮಾಡಿದ ಪ್ರವಾಸ. ದೋಣಿಯಲ್ಲಿ ಖಾಡಿ ದಾಟಿ ಹೋದೆವು. ರೋಲರ್ ಕೋಸ್ಟರಿನಲ್ಲಿ ನಮ್ಮ ಪಕ್ಕ ಕುಳಿತ ತಂದೆಯವರು ಕನ್ನಡಕವನ್ನು ಕರವಸ್ತ್ರದಲ್ಲಿ ಸುತ್ತಿ ಕಿಸೆಗೆ ಹಾಕಿಕೊಂಡು, ನಮ್ಮ ಮಣಿಕಟ್ಟನ್ನು ಭದ್ರವಾಗಿ ಹಿಡಿದರು. ಗಾಡಿ ಇಳಿಯತೊಡಗಿದಾಗ ಅವರು ಗಟ್ಟಿಯಾಗಿ ನಕ್ಕರು. ಮನೆಯಲ್ಲಿ ಮುಗುಳ್ನಗೆಯಾಚೆಗೆ ಹೋಗದ ಮನುಷ್ಯ ಅವರು. ಹಾಗೆ ನಕ್ಕದ್ದನ್ನು ಅದಕ್ಕೆ ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ. ಅವರು ತೀರಿಕೊಂಡು ಈಗ ನಾಲ್ಕು ವರ್ಷ. ನಿನ್ನ ಅಜ್ಜ ನಕ್ಕದ್ದು ಇಲ್ಲಿಯೇ ಎಂದು ಮಗಳಿಗೆ ತೋರಿಸಬೇಕೆಂದಿದ್ದೆವು. 1989ರಲ್ಲಿ ತೆರೆದ ಎಸ್ಸೆಲ್ ವರ್ಲ್ಡ್ 2022ರಲ್ಲಿ ಮುಚ್ಚಿತು. ದೆಹಲಿಯಲ್ಲಿ 1984ರಲ್ಲಿ ಆರಂಭವಾದ ಅಪ್ಪು ಘರ್ 2008ರಲ್ಲಿಯೇ ಬಾಗಿಲು ಹಾಕಿತ್ತು. ಸೈಕ್ಲೋನಿನ ಜನರಂತೆ ನಾವು ಗಲಾಟೆ ಮಾಡಿದೆವೆ? ಇಲ್ಲ. ಪತ್ರಿಕೆಯಲ್ಲಿ ಸುದ್ದಿ ಓದಿ, ಅಯ್ಯೋ ಎಂದು, ಪುಟ ತಿರುವಿದೆವು.

ಆದ್ದರಿಂದ ನಮ್ಮ ತೀರ್ಪು ಇಷ್ಟು. ನೈಟ್ರೋಗೆ ಯೋಗ್ಯತೆಯುಂಟು, ಪಟ್ಟ ಇನ್ನೂ ಇಲ್ಲ. ಯೋಗ್ಯತೆಯನ್ನು ಸ್ವಿಸ್ ಶಿಲ್ಪಿಗಳು ಕೊಟ್ಟಾಗಿದೆ, ಆದರೆ ಪಟ್ಟವನ್ನು ಅವರು ಕೊಡಲಾರರು. ಅದನ್ನು ಕೊಡತಕ್ಕವರು, ಚಿಕ್ಕಂದಿನಲ್ಲಿ ಅದರಲ್ಲಿ ಕುಳಿತು, ದೊಡ್ಡವರಾಗಿ ತಮ್ಮ ಮಕ್ಕಳನ್ನು ಕರೆತರುವವರು. 2013ರಲ್ಲಿ ಹದಿನಾರರವನಾಗಿ ಅದನ್ನೇರಿದ ಹುಡುಗನ ಮಗು ಇಂದಿಗೆ ಇನ್ನೂ ಎಳೆಯದು. ಆ ಮಗು ಬೆಳೆದು ಏರುವ ದಿನದವರೆಗೆ ಅದು ನಿಂತಿರಬೇಕು. ಇನ್ನೊಂದು ಮಾತು: ಈಗ ಒಬ್ಬೊಬ್ಬರ ಪ್ರವೇಶಕ್ಕೂ ಸಾವಿರ ರೂಪಾಯಿಗೆ ಮಿಕ್ಕುತ್ತದೆ, ಮೂವರ ಲೆಕ್ಕ ನಮ್ಮಂಥ ಗುಮಾಸ್ತರಿಗೆ ತಿಂಗಳ ದಿನಸಿಯ ಲೆಕ್ಕದೊಡನೆ ಜಗಳವಾಡುತ್ತದೆ. ಒಮ್ಮೆ ಮಾತ್ರ ಬರಬಲ್ಲವರು ಬೆರಗಾಗಿ ಹಿಂದಿರುಗುತ್ತಾರೆ. ಮತ್ತೆ ಮತ್ತೆ ಬರಬಲ್ಲವರು ಮಾತ್ರ ಒಂದನ್ನು ತಮ್ಮದೆನ್ನುತ್ತಾರೆ. ತಮ್ಮದೆನ್ನುವ ಜನರಿಲ್ಲದೆ ಯಾವುದೂ ಕ್ಲಾಸಿಕ್ ಆಗುವುದಿಲ್ಲ, ಕಷ್ಟಕಾಲದಲ್ಲಿ ಉಳಿಯುವುದೂ ಇಲ್ಲ.

ಅಂದು ನೈಟ್ರೋ ಏರಿದವರು ನಾವೊಬ್ಬರೇ. ಮನೆಯವರು, ನೆಲದ ಮೇಲೆ ಒಬ್ಬರಾದರೂ ಇರಬೇಕೆಂದು ನೆರಳು ಹುಡುಕಿ ಕುಳಿತರು. ಬಾಗಿಲಲ್ಲಿ ನಿಲ್ಲಿಸಿದ್ದ ಎತ್ತರದ ಅಳತೆಗೋಲಿಗೆ ಮಗಳ ತಲೆ ನಾಲ್ಕು ಬೆರಳಷ್ಟು ಕಡಿಮೆಯಾಯಿತು. ತುದಿಗಾಲಲ್ಲಿ ನಿಂತು ನೋಡಿದಳು. ಕಾವಲುಗಾರ ನಕ್ಕು, “ಮುಂದಿನ ಸಲ ಬಾ” ಎಂದ. ಮನೆಗೆ ಬಂದವಳೇ ಅಡುಗೆಮನೆಯ ಬಾಗಿಲ ತೋಳಿನ ಮೇಲೆ ಪೆನ್ಸಿಲಿನಿಂದ ಎರಡು ಗೆರೆ ಎಳೆದಿದ್ದಾಳೆ: ಒಂದು ತನ್ನದು, ಒಂದು ನೈಟ್ರೋದ್ದು. ಬೆಳೆಯುವ ಕೆಲಸ ಅವಳದು, ಅದನ್ನವಳು ಮಾಡುತ್ತಾಳೆ. ಅಲ್ಲಿಯವರೆಗೆ ಗಾಡಿಯನ್ನು ಓಡುತ್ತಿರುವಂತೆ ಉಳಿಸುವುದು ದೊಡ್ಡವರ ಕೆಲಸ.