ಟಿ.ವಿ. ವಾದದಲ್ಲಿ ಜಾರಿಹೋದ ಜಕಾತಿ

2024ರ ಜೂನ್ 27ರ ರಾತ್ರಿ ಅಮೆರಿಕದ ಅಟ್ಲಾಂಟಾದಲ್ಲಿ ಜೋ ಬೈಡನ್ ಹಾಗೂ ಡೊನಾಲ್ಡ್ ಟ್ರಂಪ್ ಎದುರುಬದುರು ನಿಂತು ವಾದಕ್ಕಿಳಿದಾಗ ನಮ್ಮ ಅಕ್ಕಲಕೋಟೆಯಲ್ಲಿ ಮರುದಿನ ಬೆಳಗಿನ ಆರೂವರೆ. ಅಂಗಡಿ ತೆರೆಯಲು ಇನ್ನೂ ಹೊತ್ತಿದ್ದುದರಿಂದ ತೊಂಬತ್ತು ನಿಮಿಷವೂ ಕುಳಿತು ನೋಡಿದೆ. ಬೈಡನ್ ಎಡವಿದರು ಎಂಬುದು ಲೋಕಕ್ಕೆಲ್ಲ ಗೊತ್ತಾಯಿತು. ಆದರೆ ನಮ್ಮ ಸೋಲಾಪುರ ಜಿಲ್ಲೆಯ ಬಾಗಿಲಿಗೆ ಬರಲಿದ್ದ ಒಂದು ಮಾತು ಅದೇ ವಾದದಲ್ಲಿ ಬಂದು ಹೋದದ್ದನ್ನು ಬಹಳ ಮಂದಿ ಗಮನಿಸಲಿಲ್ಲವೆಂಬುದು ನನ್ನ ತಕರಾರು.

ಮೊದಲು ಆ ಕಾರ್ಯಕ್ರಮದ ಕಟ್ಟುನಿಟ್ಟು ಹೇಳಬೇಕು. ಎದುರಿಗೆ ಪ್ರೇಕ್ಷಕರಿಲ್ಲ, ಚಪ್ಪಾಳೆ ಇಲ್ಲ, ಜೈಕಾರ ಇಲ್ಲ. ಬರೆದುಕೊಂಡ ಚೀಟಿ ತರುವಂತಿಲ್ಲ. ಒಂದು ಪೆನ್ನು, ಬರೆಯಲು ಖಾಲಿ ಹಾಳೆ, ಕುಡಿಯಲು ಒಂದು ಬಾಟಲಿ ನೀರು. ಉತ್ತರಕ್ಕೆ ಎರಡು ನಿಮಿಷ. ಒಬ್ಬರು ಮಾತಾಡುವಾಗ ಇನ್ನೊಬ್ಬರ ಮೈಕ್ ಬಂದ್! ಆರು ಮಂದಿ ಒಮ್ಮೆಲೇ ಒದರುವುದನ್ನೇ ಚರ್ಚೆ ಎಂದುಕೊಂಡಿರುವ ನಮ್ಮ ಟಿ.ವಿ.ಯವರಿಗೆ ಈ ಮೈಕ್ ಬಂದ್ ಮಾಡುವ ವಿದ್ಯೆ ಯಾರಾದರೂ ಕಲಿಸಬೇಕ್ರಿ.

81ರ ಬೈಡನ್ ಅವರ ದನಿ ಕುಗ್ಗಿತ್ತು, ಮಾತಿನ ನಡುವೆ ಎಳೆ ತಪ್ಪುತ್ತಿತ್ತು. 78ರ ಟ್ರಂಪ್ ಅವರ ದನಿ ಗಟ್ಟಿ, ಆದರೆ ಕೇಳಿದ್ದೊಂದು ಹೇಳಿದ್ದೊಂದು. ನಡುವೆ ಇಬ್ಬರೂ ಗಾಲ್ಫ್ ಯಾರು ಚಲೋ ಆಡ್ತಾರ ಅಂತ ಜಗಳಕ್ಕೆ ನಿಂತರು. ಮುಂದೆ ಜುಲೈ 21ರಂದು ಬೈಡನ್ ಕಣದಿಂದಲೇ ಹಿಂದೆ ಸರಿದರು. ಅದು ಇತಿಹಾಸ.

ನಾನು ಹೇಳಹೊರಟದ್ದು ಬೇರೆ. ಹೊರದೇಶದಿಂದ ಬರುವ ಮಾಲಿನ ಮೇಲೆಲ್ಲ ನೂರಕ್ಕೆ 10ರಂತೆ ಸುಂಕ ಹಾಕ್ತೀನಿ ಅಂತೀರಿ, ಅದರಿಂದ ಬೆಲೆ ಏರೋದಿಲ್ಲೇನು ಎಂದು ಟ್ರಂಪ್ ಅವರನ್ನು ಅಂದು ನೇರವಾಗಿ ಕೇಳಿದರು. ಏರೋದಿಲ್ಲ, ನಮ್ಮನ್ನು ಸುಲಿಯುತ್ತಿರುವ ದೇಶಗಳು ಕಟ್ಟುತ್ತವೆ ಎಂಬರ್ಥದ ಉತ್ತರ ಬಂತು. ಮಾತು ಅಷ್ಟರಲ್ಲೇ ಬೇರೆ ಕಡೆ ತಿರುಗಿತು.

ಸುಂಕ ಅಂದರೆ ಏನು ಎಂಬುದನ್ನು ನಮ್ಮ ಪೇಟೆಯವರಿಗೆ ಅಮೆರಿಕದವರು ಹೇಳಿಕೊಡಬೇಕಿಲ್ಲ. ಜಕಾತಿ ನಾಕಾ ಇದ್ದ ಕಾಲ ನೋಡಿದವರು ನಾವು. ನಾಕಾದಾಗ ರೊಕ್ಕ ಕಟ್ಟಾವ ಲಾರಿಯವ, ಬಿಲ್ಲಿನಾಗ ಕೂಡಿಸಾವ ಸಾವಕಾರ, ಕೊನಿಗೆ ಕೊಡಾವ ಗಿರಾಕಿ. ಗಿರಾಕಿ ಒಲ್ಲೆ ಅಂದರೆ ಭಾರ ತಿರುಗಿ ಮಾಲು ಮಾಡಿದವನ ಹೆಗಲಿಗೆ. ಜಕಾತಿಯ ಲೆಕ್ಕ ಇಷ್ಟೇ. ಎರಡನೇ ಪ್ರಶ್ನೆಯಾಗಿ ಯಾರಾದರೂ ಇದನ್ನು ಬಿಡದೆ ಹಿಡಿದಿದ್ದರೆ ಅಂದಿನ ವಾದಕ್ಕೆ ತೂಕ ಬರುತ್ತಿತ್ತು.

ಸೆಪ್ಟೆಂಬರ್ 10ರಂದು ಫಿಲಡೆಲ್ಫಿಯಾದಲ್ಲಿ ಕಮಲಾ ಹ್ಯಾರಿಸ್ ಅವರು ಟ್ರಂಪ್ ಎದುರು ನಿಂತಾಗ ಇದೇ ಸುಂಕವನ್ನು ಟ್ರಂಪ್ ಹೇರುವ ಮಾರಾಟ ತೆರಿಗೆ ಎಂದು ಕರೆದು ಮಾತು ಎತ್ತಿದರು. ಚಲೋ ಆತು ಅಂದುಕೊಂಡೆ. ಅಷ್ಟರಲ್ಲಿ ಟ್ರಂಪ್ ಅವರು, ಒಹಾಯೋ ರಾಜ್ಯದ ಒಂದು ಊರಿನಲ್ಲಿ ವಲಸೆಗಾರರು ಮಂದಿಯ ನಾಯಿ-ಬೆಕ್ಕು ತಿನ್ನುತ್ತಾರೆಂದು ಆಧಾರವಿಲ್ಲದ ಮಾತು ಒಗೆದರು. ಮರುದಿನ ಎಲ್ಲಿ ನೋಡಿದರೂ ನಾಯಿ, ಬೆಕ್ಕು.

ಮುಂದೆ ಆದದ್ದೇನು? 2025ರ ಆಗಸ್ಟ್ 7ರಿಂದ ಭಾರತದ ಮಾಲಿಗೆ 25 ಪ್ರತಿಶತ ಸುಂಕ ಬಿತ್ತು. ರಷ್ಯಾದ ಎಣ್ಣೆ ಕೊಳ್ಳುತ್ತೀರೆಂದು ಅದೇ 27ರಿಂದ ಇನ್ನೂ 25. ಒಟ್ಟು 50! ಸೋಲಾಪುರದ ಟವೆಲು ಅಮೆರಿಕಕ್ಕೂ ಹೋಗುವ ಮಾಲು. ನನ್ನ ಪರಿಚಯದ ಮಗ್ಗದ ಮಾಲಕರೊಬ್ಬರು ಆ ತಿಂಗಳು ಸಿಕ್ಕಾಗ, "ಅಲ್ಲಿ ಗಿರಾಕಿ ಅರ್ಧಾ ನೀವ ಸೋಸ್ರಿ ಅಂತಾನ. ನಮ್ಮ ಲಾಭಾನ ಅಷ್ಟಿಲ್ಲ, ಎಲ್ಲಿಂದ ಸೋಸೂಣು?" ಎಂದರು. ಅಟ್ಲಾಂಟಾದ ಆ ವಾದವನ್ನು ಅವರು ನೋಡಿರಲಿಲ್ಲ.

ನಮ್ಮ ದೇಶದಲ್ಲೂ ಇಂಥದೊಂದು ವಾದ ನಡೆಯಲೆಂದು 2024ರ ಮೇ ತಿಂಗಳಲ್ಲಿ ನಿವೃತ್ತ ನ್ಯಾಯಮೂರ್ತಿಗಳಾದ ಮದನ್ ಲೋಕೂರ್, ಎ.ಪಿ. ಶಾ ಹಾಗೂ ಪತ್ರಕರ್ತ ಎನ್. ರಾಮ್ ಅವರು ನರೇಂದ್ರ ಮೋದಿ ಹಾಗೂ ರಾಹುಲ್ ಗಾಂಧಿ ಅವರಿಗೆ ಪತ್ರ ಬರೆದಿದ್ದರು. ರಾಹುಲ್ ಒಪ್ಪಿದರು, ವಾದ ಮಾತ್ರ ನಡೆಯಲಿಲ್ಲ.

ದಿಲ್ಲಿಯದು ಇರಲಿ, ಲೋಕಸಭಾ ಕ್ಷೇತ್ರಕ್ಕೊಂದಾದರೂ ಬೇಡವೇ? ಉಳ್ಳಾಗಡ್ಡಿ ರಫ್ತಿಗೆ ಕೇಂದ್ರ ಸರಕಾರ 2023ರ ಡಿಸೆಂಬರಿನಲ್ಲಿ ನಿಷೇಧ ಹಾಕಿತು. ತೆಗೆದದ್ದು 2024ರ ಮೇ 4ಕ್ಕೆ, ಅದೂ 40 ಪ್ರತಿಶತ ರಫ್ತು ಸುಂಕ ಇಟ್ಟುಕೊಂಡು. ಸೋಲಾಪುರ ಕ್ಷೇತ್ರದ ಮತದಾನ ಮೇ 7ಕ್ಕೆ. ಅಷ್ಟು ತಿಂಗಳು ಸುಮ್ಮನಿದ್ದು ಮೂರು ದಿನ ಮೊದಲು ಯಾಕೆ ಎಂದು ಒಬ್ಬರನ್ನೂ, ನಿಮ್ಮವರು ಬಂದರೆ ಇಂಥ ನಿಷೇಧ ಮತ್ತೆ ಹಾಕುವುದಿಲ್ಲವೆಂದು ಬರೆದು ಕೊಡುತ್ತೀರಾ ಎಂದು ಇನ್ನೊಬ್ಬರನ್ನೂ ಜೋಡಿಯಾಗಿ ನಿಲ್ಲಿಸಿ ಕೇಳಿದ್ದನ್ನು ನಾನಂತೂ ಕಾಣಲಿಲ್ಲ. ಎರಡು ನಿಮಿಷ, ಕೈಯಲ್ಲಿ ಚೀಟಿ ಇಲ್ಲ, ಎದುರಿನವರ ಮೈಕ್ ಬಂದ್. ಪ್ರಶ್ನೆ ಮರಾಠಿಯಲ್ಲಾದರೂ ಕೇಳಲಿ, ಕನ್ನಡದಲ್ಲಾದರೂ ಕೇಳಲಿ, ನಮಗೆ ಎರಡೂ ತಿಳೀತಾವ.