ಟ್ರೇಲರ್ ಮುಚ್ಚಿಟ್ಟದ್ದು

ಸಾಮಾನ್ಯ ಚಿತ್ರವೊಂದರ ಟ್ರೇಲರ್‌ನಲ್ಲಿ ನಾಯಕ ಯಾರು, ಊರು ಯಾವುದು, ಅವನಿಗೆ ಬಂದ ಕಷ್ಟವೇನು ಎಂಬುದೆಲ್ಲ ನೋಡುವವರಿಗೆ ಹೊಸತು. ಸೂಪರ್‌ಹೀರೋ ಚಿತ್ರದ ವಿಷಯ ಹಾಗಲ್ಲ. ಸೂಪರ್‌ಮ್ಯಾನ್ ಕಾಮಿಕ್ಸ್ ಪುಟಗಳಿಗೆ ಬಂದದ್ದು 1938ರಲ್ಲಿ, ಬ್ಯಾಟ್‌ಮ್ಯಾನ್ 1939ರಲ್ಲಿ, ಸ್ಪೈಡರ್‌ಮ್ಯಾನ್ 1962ರಲ್ಲಿ. ಅವರ ಹುಟ್ಟು, ಶಕ್ತಿ, ಶತ್ರುಗಳು, ಅವರು ಕಳೆದುಕೊಂಡ ಬಂಧುಗಳು ಎಲ್ಲವೂ ಅಭಿಮಾನಿಗಳಿಗೆ ಬಾಯಿಪಾಠ. ಕೊನೆಗೆ ಗೆಲ್ಲುವವರು ಯಾರು ಎಂಬುದೂ ಬಹುತೇಕ ಗೊತ್ತು. ಆದರೂ ಎರಡೂವರೆ ನಿಮಿಷದ ಟ್ರೇಲರ್ ಬಂದ ರಾತ್ರಿ ಲೋಕದ ಬೇರೆ ಬೇರೆ ಮೂಲೆಗಳಲ್ಲಿ ಕೋಟ್ಯಂತರ ಜನ ಅದನ್ನೇ ಮತ್ತೆ ಮತ್ತೆ ಹಾಕಿಕೊಂಡು ನೋಡುತ್ತಾರೆ.

ಇದಕ್ಕೆ ಒಂದು ವಿವರಣೆ ಮನಃಶಾಸ್ತ್ರದಲ್ಲಿದೆ. ಅಮೆರಿಕದ ವಿದ್ವಾಂಸ ಜಾರ್ಜ್ ಲೋವೆನ್‌ಸ್ಟೈನ್ 1994ರಲ್ಲಿ ಕುತೂಹಲದ ಬಗ್ಗೆ ಬರೆದ ಪ್ರಬಂಧದಲ್ಲಿ, ತಿಳಿದಿರುವುದಕ್ಕೂ ತಿಳಿಯಬೇಕೆನಿಸುವುದಕ್ಕೂ ನಡುವಿನ ಕಂದಕ ಕಣ್ಣಿಗೆ ಬಿದ್ದಾಗಲೇ ಕುತೂಹಲ ಹುಟ್ಟುತ್ತದೆ ಎಂದು ವಾದಿಸಿದರು. ಏನೂ ತಿಳಿಯದವರಿಗೆ ಆ ಕಂದಕ ಕಾಣುವುದೇ ಇಲ್ಲ. ಖಾಲಿ ಪದಬಂಧ ಯಾರ ನಿದ್ದೆಯನ್ನೂ ಕೆಡಿಸುವುದಿಲ್ಲ. ಎಲ್ಲ ತುಂಬಿ ಎರಡೇ ಮನೆ ಉಳಿದಿದ್ದರೆ ಊಟದ ಹೊತ್ತಿನಲ್ಲೂ ಅದೇ ಧ್ಯಾನ. ಸೂಪರ್‌ಹೀರೋಗಳ ಅಭಿಮಾನಿಗಳು ಮುಕ್ಕಾಲು ಪಾಲು ತುಂಬಿದ ಪದಬಂಧವನ್ನು ಹಿಡಿದೇ ಟ್ರೇಲರ್ ಮುಂದೆ ಕೂರುತ್ತಾರೆ. ಒಳ್ಳೆಯ ಟ್ರೇಲರ್ ಒಂದು ಅಕ್ಷರ ಕೊಟ್ಟು ಮುಂದಿನದನ್ನು ಮುಚ್ಚಿಡುತ್ತದೆ.

ಟ್ರೇಲರ್ ಎಂಬ ಇಂಗ್ಲಿಷ್ ಪದದ ಮೂಲದಲ್ಲಿ ಬೆನ್ನಿಗೆ ಬರುವುದು ಎಂಬ ಅರ್ಥವಿದೆ. 1910ರ ದಶಕದಲ್ಲಿ ಅಮೆರಿಕದ ಚಿತ್ರಮಂದಿರಗಳಲ್ಲಿ ಈ ರೂಢಿ ಶುರುವಾದಾಗ ಜಾಹೀರಾತಿನ ತುಣುಕನ್ನು ಮುಖ್ಯ ಚಿತ್ರ ಮುಗಿದ ಮೇಲೆ ತೋರಿಸುತ್ತಿದ್ದರು. ಚಿತ್ರ ಮುಗಿಯುತ್ತಲೇ ಜನ ಎದ್ದು ಹೋಗುತ್ತಿದ್ದುದರಿಂದ ಅದು ಚಿತ್ರದ ಮೊದಲಿಗೆ ಬಂತು, ಹೆಸರು ಮಾತ್ರ ಹಾಗೇ ಉಳಿಯಿತು. ಟೀಸರ್ ಅದಕ್ಕಿಂತ ಚಿಕ್ಕದು. ಚಿತ್ರೀಕರಣ ಇನ್ನೂ ನಡೆಯುತ್ತಿರುವಾಗಲೇ ಬರಬಹುದು, ಕಥೆ ಹೇಳಲೇಬೇಕೆಂದಿಲ್ಲ.

ಟ್ರೇಲರ್ ಒಂದು ಚಿತ್ರದ ಹಣೆಬರಹವನ್ನೇ ತಿರುಗಿಸಬಲ್ಲದು ಎಂಬುದಕ್ಕೆ 1989ರ ‘ಬ್ಯಾಟ್‌ಮ್ಯಾನ್’ ಸಾಕ್ಷಿ. ನಿರ್ದೇಶಕ ಟಿಮ್ ಬರ್ಟನ್ ಆ ಪಾತ್ರಕ್ಕೆ ಮೈಕೆಲ್ ಕೀಟನ್ ಅವರನ್ನು ಆರಿಸಿದಾಗ ಅಭಿಮಾನಿಗಳು ಕೆರಳಿದರು. ಹಾಸ್ಯ ಚಿತ್ರಗಳ ನಟ, ಅಂಥ ದೊಡ್ಡ ಮೈಕಟ್ಟೂ ಇಲ್ಲ. 1960ರ ದಶಕದ ಟಿವಿ ಸರಣಿಯಂತೆ ಇದೂ ತಮಾಷೆಯಾಗಿಬಿಡುತ್ತದೆ ಎಂಬ ಭಯ ಅವರದು. ನಿರ್ಮಾಣ ಸಂಸ್ಥೆ ವಾರ್ನರ್ ಬ್ರದರ್ಸ್‌ಗೆ ಸುಮಾರು 50,000 ಪ್ರತಿಭಟನಾ ಪತ್ರಗಳು ಬಂದವು. ಇದಕ್ಕೆ ಉತ್ತರವಾಗಿ ತರಾತುರಿಯಲ್ಲಿ ಸುಮಾರು ಒಂದೂವರೆ ನಿಮಿಷದ ಟ್ರೇಲರ್ ಜೋಡಿಸಿದರು. ಅದಕ್ಕೆ ಹಿನ್ನೆಲೆ ಸಂಗೀತವೂ ಇರಲಿಲ್ಲ. ಕತ್ತಲ ಗೋಥಮ್ ನಗರ, ಕಪ್ಪು ಕವಚ, ಜ್ಯಾಕ್ ನಿಕಲ್ಸನ್ ಅವರ ಜೋಕರ್ ನಗು, ಒಂದಾದ ಮೇಲೊಂದು ತುಣುಕು, ಅಷ್ಟೇ. ಆ ಕತ್ತಲೆಯೇ ಅಭಿಮಾನಿಗಳಿಗೆ ಬೇಕಾಗಿದ್ದ ಉತ್ತರ. ಟ್ರೇಲರ್‌ಗಾಗಿಯೇ ಬೇರೊಂದು ಚಿತ್ರದ ಟಿಕೆಟ್ ಕೊಂಡು, ಟ್ರೇಲರ್ ಮುಗಿದ ಕೂಡಲೇ ಎದ್ದು ಹೋದವರ ಕಥೆಯನ್ನು ಹಾಲಿವುಡ್‌ನಲ್ಲಿ ಇಂದಿಗೂ ಹೇಳುತ್ತಾರೆ. ಜೂನ್ 23ರಂದು ತೆರೆ ಕಂಡ ಚಿತ್ರ ಅಮೆರಿಕದಲ್ಲೇ 25 ಕೋಟಿ ಡಾಲರ್ ಗಳಿಸಿತು.

ಹೊಸ ನಟ ಹಳೆಯ ಅಂಗಿ ತೊಟ್ಟಾಗಲೆಲ್ಲ ಇದೇ ಆತಂಕ ಮರುಕಳಿಸುತ್ತದೆ. ಡೇವಿಡ್ ಕೋರೆನ್ಸ್‌ವೆಟ್ ಸೂಪರ್‌ಮ್ಯಾನ್ ಆದಾಗ ನಿರ್ದೇಶಕ ಜೇಮ್ಸ್ ಗನ್ 2024ರ ಡಿಸೆಂಬರ್ 19ರಂದು ಬಿಟ್ಟ ಟೀಸರ್ ಹಾರುವ ವೀರನಿಂದ ಶುರುವಾಗಲಿಲ್ಲ. ಸೂಪರ್‌ಮ್ಯಾನ್ ಆಕಾಶದಿಂದ ಹಿಮದ ಮೇಲೆ ಬಿದ್ದು, ಬಾಯಲ್ಲಿ ರಕ್ತ ಕಾರುತ್ತ, ಉಸಿರಿಗೆ ಒದ್ದಾಡುತ್ತಲೇ ಶಿಳ್ಳೆ ಹಾಕುತ್ತಾನೆ. ದೂರದಿಂದ ಹಿಮದ ಧೂಳೆಬ್ಬಿಸಿಕೊಂಡು ಓಡಿ ಬರುವುದು ಕ್ರಿಪ್ಟೋ ಎಂಬ ಬಿಳಿ ನಾಯಿ. ಯಾರಿಂದಲೂ ಮಣಿಸಲಾಗದವನನ್ನು ಮೊದಲ ನೋಟದಲ್ಲೇ ನೆಲಕ್ಕೆ ಕೆಡವಿ ತೋರಿಸಿದ್ದು ಧೈರ್ಯದ ಆಯ್ಕೆ. ಅವನನ್ನು ಈ ಸ್ಥಿತಿಗೆ ತಂದವರು ಯಾರು ಎಂಬ ಪ್ರಶ್ನೆ ಅಲ್ಲಿಂದ ಚಿತ್ರ ತೆರೆ ಕಂಡ ಜುಲೈವರೆಗೂ ಉಳಿಯಿತು.

ಟೀಸರ್‌ಗಾಗಿಯೇ ಚಿತ್ರೀಕರಿಸಿ, ಚಿತ್ರದಲ್ಲಿ ಇಲ್ಲದ ದೃಶ್ಯಗಳೂ ಉಂಟು. 2001ರಲ್ಲಿ ಬಂದ ‘ಸ್ಪೈಡರ್‌ಮ್ಯಾನ್’ ಟೀಸರ್‌ನಲ್ಲಿ ಬ್ಯಾಂಕ್ ದೋಚಿದ ಕಳ್ಳರು ಹೆಲಿಕಾಪ್ಟರ್‌ನಲ್ಲಿ ಪರಾರಿಯಾಗುತ್ತಾರೆ. ಹೆಲಿಕಾಪ್ಟರ್ ಇದ್ದಕ್ಕಿದ್ದಂತೆ ಗಾಳಿಯಲ್ಲೇ ಸಿಕ್ಕಿಕೊಳ್ಳುತ್ತದೆ. ಕ್ಯಾಮೆರಾ ಹಿಂದೆ ಸರಿದಾಗ ಅದು ಒಂದು ಬೃಹತ್ ಜೇಡರ ಬಲೆಯ ನಡುವೆ ಸಿಕ್ಕಿದ್ದು ಕಾಣುತ್ತದೆ. ಬಲೆ ಕಟ್ಟಿರುವುದು ನ್ಯೂಯಾರ್ಕ್‌ನ ವರ್ಲ್ಡ್ ಟ್ರೇಡ್ ಸೆಂಟರ್‌ನ ಎರಡು ಗೋಪುರಗಳ ನಡುವೆ. ಆ ಗೋಪುರಗಳನ್ನು ಉರುಳಿಸಿದ ಸೆಪ್ಟೆಂಬರ್ 11ರ ದಾಳಿಯ ನಂತರ ಟೀಸರನ್ನು ಚಿತ್ರಮಂದಿರಗಳಿಂದ ಹಿಂತೆಗೆದುಕೊಂಡರು.

ಇಂಥ ತುಣುಕುಗಳನ್ನು ಸಾಮಾನ್ಯವಾಗಿ ಚಿತ್ರದ ಸಂಕಲನಕಾರರು ಕತ್ತರಿಸುವುದಿಲ್ಲ. ಹಾಲಿವುಡ್‌ನಲ್ಲಿ ಅದಕ್ಕೆಂದೇ ಬೇರೆ ಸಂಸ್ಥೆಗಳಿವೆ. ಚಿತ್ರ ಪೂರ್ತಿಯಾಗುವ ಮೊದಲೇ ಅವುಗಳ ಕೆಲಸ ಶುರು. ಟ್ರೇಲರ್‌ಗೆ ಬೇಕಾದ ಶಾಟ್‌ಗಳ ಗ್ರಾಫಿಕ್ಸನ್ನು ಮೊದಲು ಮುಗಿಸಿಕೊಡುತ್ತಾರೆ, ಚಿತ್ರದ ಸಂಗೀತ ಸಿದ್ಧವಿಲ್ಲದಿದ್ದರೆ ಬೇರೆಯದನ್ನು ಹೊಂದಿಸುತ್ತಾರೆ. ಗುಟ್ಟು ಕಾಯಲು ಟ್ರೇಲರ್ ದೃಶ್ಯಗಳನ್ನೇ ತಿದ್ದುವುದೂ ಈಗ ಮಾಮೂಲು. ‘ಥಾರ್: ರಾಗ್ನರಾಕ್’ನಲ್ಲಿ ಥಾರ್ ಒಂದು ಕಣ್ಣು ಕಳೆದುಕೊಳ್ಳುತ್ತಾನೆ. ಆ ನಂತರದ ಒಂದು ಶಾಟ್ ಟ್ರೇಲರ್‌ನಲ್ಲಿ ಬಂದಾಗ ಅವನಿಗೆ ಎರಡೂ ಕಣ್ಣುಗಳಿದ್ದವು. ‘ಅವೆಂಜರ್ಸ್: ಇನ್‌ಫಿನಿಟಿ ವಾರ್’ ಟ್ರೇಲರ್‌ನಲ್ಲಿ ಎಲ್ಲರ ಜೊತೆ ಯುದ್ಧಕ್ಕೆ ಓಡಿ ಬರುವ ಹಲ್ಕ್ ಚಿತ್ರದ ಆ ಯುದ್ಧದಲ್ಲಿ ಇಲ್ಲವೇ ಇಲ್ಲ.

ಈ ಕಲೆಯೆಲ್ಲ ಒಂದೇ ಕಡೆ ಕೂಡಿಬಂದದ್ದು 2021ರ ‘ಸ್ಪೈಡರ್‌ಮ್ಯಾನ್: ನೋ ವೇ ಹೋಮ್’ನಲ್ಲಿ. ಟೀಸರ್ ಆಗಸ್ಟ್ 23ರಂದು ಬಂತು. ಹಿಂದಿನ ದಿನವೇ ಸೋರಿಕೆಯಾಗಿದ್ದರೂ 24 ಗಂಟೆಗಳಲ್ಲಿ 35.5 ಕೋಟಿ ವೀಕ್ಷಣೆ ಕಂಡು, ‘ಅವೆಂಜರ್ಸ್: ಎಂಡ್‌ಗೇಮ್’ನ 28.9 ಕೋಟಿಯ ದಾಖಲೆ ಮುರಿಯಿತು. ಅದರ ಕೊನೆಯಲ್ಲಿ ಕುಂಬಳಕಾಯಿ ಆಕಾರದ ಬಾಂಬೊಂದು ಉರುಳಿ ಬರುತ್ತದೆ, ಗ್ರೀನ್ ಗಾಬ್ಲಿನ್ ಎಂಬ ಖಳನ ಹಳೆಯ ನಗು ಕೇಳಿಸುತ್ತದೆ. ಹೊಗೆಯ ನಡುವಿನಿಂದ ಲೋಹದ ತೋಳುಗಳನ್ನು ಊರುತ್ತ ಬರುವ ಡಾಕ್ಟರ್ ಆಕ್ಟೋಪಸ್ ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್‌ಗೆ ಹಲೋ ಹೇಳುತ್ತಾನೆ. ಸ್ಪೈಡರ್‌ಮ್ಯಾನ್ ಗೊತ್ತಿಲ್ಲದವರಿಗೆ ಅದು ಇನ್ನೊಬ್ಬ ಖಳ ಮಾತ್ರ. ಅಭಿಮಾನಿಗಳು ಕುರ್ಚಿಯ ತುದಿಗೆ ಸರಿದರು. ಆಲ್ಫ್ರೆಡ್ ಮೊಲಿನಾ ಅವರ ಆ ಪಾತ್ರ 2004ರ ಚಿತ್ರದ್ದು, ಆ ಚಿತ್ರದ ಸ್ಪೈಡರ್‌ಮ್ಯಾನ್ ಟೋಬಿ ಮೆಗ್ವಾಯರ್. ಹಳೆಯ ಶತ್ರು ಹೊಸ ನಾಯಕ ಟಾಮ್ ಹಾಲೆಂಡ್ ಎದುರು ಬಂದ ಮೇಲೆ ಹಳೆಯ ನಾಯಕನೂ ಬರಬೇಕಲ್ಲವೇ? ಹಾಗಾದರೆ ನಡುವಿನ ಎರಡು ಚಿತ್ರಗಳ ಆಂಡ್ರ್ಯೂ ಗಾರ್ಫೀಲ್ಡ್? ಗಾರ್ಫೀಲ್ಡ್ ಸಂದರ್ಶನಗಳಲ್ಲಿ ಮೇಲಿಂದ ಮೇಲೆ ಇಲ್ಲವೆಂದರು.

ನವೆಂಬರ್‌ನಲ್ಲಿ ಎರಡನೆಯ ಟ್ರೇಲರ್ ಬಂದಾಗ ಅಭಿಮಾನಿಗಳು ಅದನ್ನು ಫ್ರೇಮ್ ಫ್ರೇಮ್ ಆಗಿ ನಿಲ್ಲಿಸಿ ನೋಡಿದರು. ಬ್ರೆಜಿಲ್‌ನಲ್ಲಿ ಬಿಡುಗಡೆಯಾದ ಆವೃತ್ತಿಯಲ್ಲಿ ಒಂದು ಶಾಟ್ ಕೆಲವು ಕ್ಷಣ ಉದ್ದವಿತ್ತು. ಮೂವರು ಖಳರು, ಅವರತ್ತ ಜಿಗಿಯುವ ಒಬ್ಬನೇ ಸ್ಪೈಡರ್‌ಮ್ಯಾನ್. ಅವನು ಇನ್ನೂ ದೂರದಲ್ಲಿದ್ದಾನೆ, ಖಳರ ಹತ್ತಿರ ಬೇರೆ ಯಾರೂ ಇಲ್ಲ. ಆದರೂ ಲಿಝರ್ಡ್ ಎಂಬ ಹಲ್ಲಿ ರೂಪದ ಖಳನ ತಲೆ ಒದೆ ಬಿದ್ದಂತೆ ಹಿಂದಕ್ಕೆ ಚಿಮ್ಮುತ್ತದೆ. ಒದ್ದವರನ್ನು ಅಳಿಸಿದ್ದರು, ಒದೆ ಉಳಿದುಬಿಟ್ಟಿತ್ತು. ಅಭಿಮಾನಿಗಳಿಗೆ ಬೇಕಾದ ಅಕ್ಷರ ಸಿಕ್ಕಿತು. ಡಿಸೆಂಬರ್ 16ರಂದು, ಅಮೆರಿಕಕ್ಕಿಂತ ಒಂದು ದಿನ ಮೊದಲೇ, ಚಿತ್ರ ಭಾರತದಲ್ಲಿ ತೆರೆ ಕಂಡಾಗ ಮೂವರು ಸ್ಪೈಡರ್‌ಮ್ಯಾನ್‌ಗಳೂ ಅಲ್ಲಿದ್ದರು. ಬಹುಪಾಲು ಜನ ಊಹಿಸಿಯೇ ಬಂದಿದ್ದರೂ ಚಿತ್ರಮಂದಿರಗಳಲ್ಲಿ ಕೂಗು ಮುಗಿಲು ಮುಟ್ಟಿತು. ಊಹೆ ನಿಜವಾಗುವುದನ್ನು ನೂರಾರು ಜನರ ನಡುವೆ ಕುಳಿತು ನೋಡುವ ಸುಖವೇ ಬೇರೆ.

ಹೆಚ್ಚು ತೋರಿಸಿ ಕಾತರವನ್ನೇ ಕೊಂದ ಟ್ರೇಲರ್‌ಗಳೂ ಇವೆ. ‘ಬ್ಯಾಟ್‌ಮ್ಯಾನ್ ವರ್ಸಸ್ ಸೂಪರ್‌ಮ್ಯಾನ್’ ಎಂಬ ಹೆಸರೇ ಇಬ್ಬರ ಕಾದಾಟದ ಆಸೆ ಹುಟ್ಟಿಸಿತ್ತು. ಬಿಡುಗಡೆಗೆ ಮೂರು ತಿಂಗಳಿಗೂ ಹೆಚ್ಚು ಮೊದಲು ಬಂದ ಟ್ರೇಲರ್ ಡೂಮ್ಸ್‌ಡೇ ಎಂಬ ರಾಕ್ಷಸನನ್ನೂ, ಅವನ ವಿರುದ್ಧ ಇಬ್ಬರೂ ವಂಡರ್ ವುಮನ್ ಜೊತೆ ಸೇರಿ ನಿಲ್ಲುವುದನ್ನೂ ತೋರಿಸಿಬಿಟ್ಟಿತು. ಜಗಳ ರಾಜಿಯಲ್ಲಿ ಮುಗಿಯುತ್ತದೆಂದು ಗೊತ್ತಾದ ಮೇಲೆ ಕಾಯಲು ಉಳಿದದ್ದು ಕಡಿಮೆ.

ಇಂಗ್ಲಿಷ್ ಸಂಭಾಷಣೆಯ ಹಿಂದೆ ಓಡಬೇಕಾಗಿದ್ದ ಕನ್ನಡದ ಮಕ್ಕಳಿಗೂ ಈ ಕಾತರ ಈಗ ಹತ್ತಿರವಾಗಿದೆ. 2023ರ ‘ಸ್ಪೈಡರ್‌ಮ್ಯಾನ್: ಅಕ್ರಾಸ್ ದ ಸ್ಪೈಡರ್‌ವರ್ಸ್’ ಭಾರತದಲ್ಲಿ ಕನ್ನಡವೂ ಸೇರಿ ಹತ್ತು ಭಾಷೆಗಳಲ್ಲಿ ಬಿಡುಗಡೆಯಾಯಿತು. ಅದರಲ್ಲಿ ಪವಿತ್ರ್ ಪ್ರಭಾಕರ್ ಎಂಬ ಭಾರತೀಯ ಸ್ಪೈಡರ್‌ಮ್ಯಾನ್ ಕೂಡ ಇದ್ದಾನೆ.

ಟ್ರೇಲರ್‌ನಲ್ಲಿ ಕಂಡದ್ದು ಚಿತ್ರದಲ್ಲಿ ಇರದಿದ್ದರೆ ಪ್ರೇಕ್ಷಕರು ಪರಿಹಾರ ಕೇಳಬಹುದೇ? ಈ ಪ್ರಶ್ನೆ ಭಾರತದ ಸುಪ್ರೀಂ ಕೋರ್ಟ್‌ವರೆಗೂ ಹೋಗಿದೆ. 2016ರ ಹಿಂದಿ ಚಿತ್ರ ‘ಫ್ಯಾನ್’ನ ಪ್ರಚಾರದಲ್ಲಿದ್ದ ಹಾಡು ಚಿತ್ರದಲ್ಲಿ ಇರಲಿಲ್ಲವೆಂದು ಪ್ರೇಕ್ಷಕಿಯೊಬ್ಬರು ಗ್ರಾಹಕರ ವೇದಿಕೆಗೆ ದೂರು ಕೊಟ್ಟಿದ್ದರು. 2024ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ಪ್ರಚಾರದ ಟ್ರೇಲರ್ ಏಕಪಕ್ಷೀಯವಾದದ್ದು, ಟಿಕೆಟ್ ಕೊಳ್ಳಲು ಪ್ರೇಕ್ಷಕರನ್ನು ಪ್ರೇರೇಪಿಸುವುದಷ್ಟೇ ಅದರ ಉದ್ದೇಶ, ಅದರಿಂದ ಕರಾರು ಏರ್ಪಡುವುದಿಲ್ಲ ಎಂದು ತೀರ್ಪಿತ್ತಿತು. ಟಿಕೆಟ್ ಖರೀದಿಯನ್ನು ಅದು ಟ್ರೇಲರ್‌ನಿಂದ ಬೇರೆಯಾದ ವ್ಯವಹಾರವೆಂದೇ ಎಣಿಸಿತು.